ಒಂದೇ ಬಾಗಿಲಿನ ಬೆಳೆ

ಈಚೆಗೆ ಬಸವನಬಾಗೇವಾಡಿ, ಮುದ್ದೇಬಿಹಾಳ ಕಡೆಯ ಹುಡುಗರು ಫೋನು ಮಾಡಿ ವೈನ್ ದ್ರಾಕ್ಷಿಯ ವಿಚಾರ ಕೇಳುತ್ತಾರೆ. ಮುಳವಾಡ, ಚಿಮ್ಮಲಗಿ ಏತ ನೀರಾವರಿಯ ಕಾಲುವೆಗಳಲ್ಲಿ ಕೃಷ್ಣೆಯ ನೀರು ಹರಿಯತೊಡಗಿದ ಮೇಲೆ, ಅಪ್ಪ-ಅಜ್ಜ ಜೋಳ, ತೊಗರಿ, ಕಡಲೆ ಬಿತ್ತಿದ ಹೊಲದಲ್ಲಿ ಹೊಸದೇನಾದರೂ ಮಾಡಬೇಕೆಂಬ ಹಂಬಲ ಅವರದು. ‘ಕಾಕಾರ, ನೀವು ಮೊದಲ ಹಚ್ಚಿದ್ರಂತಲ್ಲ, ಹ್ಯಾಂಗ ಆತ್ರಿ?’ ಎನ್ನುತ್ತಾರೆ. ಕೆಟ್ಟಿತು ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಆದರೆ ಕೆಟ್ಟದ್ದು ಹೇಗೆ ಎನ್ನುವುದು ಆ ಒಂದು ಮಾತಿನಲ್ಲಿ ಬರುವುದಿಲ್ಲ. ನನ್ನ ದ್ರಾಕ್ಷಿ ಪಡಕ್ಕೆ ರೋಗ ಬಡಿಯಲಿಲ್ಲ, ನೀರು ಕೈಕೊಡಲಿಲ್ಲ, ಅಕಾಲದ ಮಳೆ ಹೊಡೆಯಲಿಲ್ಲ. ಬೆಳೆ ಚೆನ್ನಾಗಿಯೇ ಬಂದಿತ್ತು. ಒಯ್ಯುವವರು ಇರಲಿಲ್ಲ. ಪೆಟ್ಟು ನನ್ನ ಎರಡು ಎಕರೆಗಷ್ಟೇ ಬಿದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನನ್ನ ಮಾತು ನಂಬಿ ಹಚ್ಚಿದವರಿದ್ದರು.

ನಮ್ಮೂರು ಇಂಡಿ ತಾಲ್ಲೂಕಿನದು. ಭೀಮೆ ದೂರವಿಲ್ಲ, ಆದರೆ ನಮ್ಮ ಹೊಲಕ್ಕೆ ಬೋರಿನ ನೀರೇ ಗತಿ. ಮಣ್ಣು ಗರಸು ಬೆರೆತದ್ದು, ಆಳವಿಲ್ಲ. ಅಂಥ ಮಣ್ಣೇ ದ್ರಾಕ್ಷಿಗೆ ಒಳ್ಳೆಯದು. ತಿಕೋಟಾದಿಂದ ಚಡಚಣದವರೆಗೆ ನಮ್ಮ ಜಿಲ್ಲೆಯ ತೆಳು ಭೂಮಿಯಲ್ಲೆಲ್ಲ ದ್ರಾಕ್ಷಿ ಪಡಗಳು ಎದ್ದು ನಿಂತದ್ದು ಇದೇ ಕಾರಣಕ್ಕೆ. ಥಾಮ್ಸನ್ ಸೀಡ್‌ಲೆಸ್, ಅದರಿಂದ ಆಯ್ದು ಬೆಳೆಸಿದ ತಾಸ್-ಎ-ಗಣೇಶ್, ಸೊನಾಕಾ, ಮಾಣಿಕ್ ಚಮನ್ ನಮ್ಮ ಕಡೆಯ ತಳಿಗಳು. ಏಪ್ರಿಲ್‌ನಲ್ಲೊಂದು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಅಕ್ಟೋಬರ್‌ನಲ್ಲಿ ಇನ್ನೊಂದು, ಫೆಬ್ರುವರಿ-ಮಾರ್ಚ್‌ಗೆ ಹಣ್ಣು. ದರ ಇದ್ದರೆ ಹಸಿ ಹಣ್ಣು ಮಾರುವುದು, ಇಲ್ಲದಿದ್ದರೆ ಶೆಡ್ಡಿಗೆ ಹಾಕಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವುದು. ಧಾರವಾಡದಲ್ಲಿ ಕೃಷಿ ಓದಿ ಊರಿಗೆ ಮರಳಿದ ನನಗೆ ಇದೆಲ್ಲ ಹಳೆಯ ದಾರಿಯಾಗಿ ಕಂಡಿತ್ತು. ಮಣೂಕದ ದರ ಒಂದು ವರ್ಷ ಏರಿದರೆ ಇನ್ನೊಂದು ವರ್ಷ ಬೀಳುತ್ತಿತ್ತು. ತಾಸಗಾಂವ, ಸಾಂಗಲಿಯ ಪೇಟೆಯಲ್ಲಿ ದಲಾಲರು ಸವಾಲಿನಲ್ಲಿ ಕೂಗಿದ ದರವೇ ದರ. ಮೊದಲೇ ದರ ಗೊತ್ತಿರುವ, ಕರಾರಿನ ಬೆಳೆಯೊಂದು ಸಿಕ್ಕರೆ ರೈತ ಬಚಾವಾದಾನು ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ಅಂಥ ಹೊತ್ತಿಗೆ ಬಂದದ್ದು 2007ರ ಸರ್ಕಾರಿ ನೀತಿ. ದ್ರಾಕ್ಷಿ ಸಂಸ್ಕರಣೆಗೂ ವೈನ್ ತಯಾರಿಕೆಗೂ ಕರ್ನಾಟಕ ಸರ್ಕಾರ ಆ ವರ್ಷ ಹೊಸ ನೀತಿ ತಂದಿತು, ವೈನ್ ಮಂಡಳಿ ಹುಟ್ಟಿತು. ದಕ್ಷಿಣದಲ್ಲಿ ನಂದಿ ಕಣಿವೆ, ಉತ್ತರದಲ್ಲಿ ನಮ್ಮ ಕೃಷ್ಣಾ ಕಣಿವೆ ಎಂದು ಎರಡು ಪ್ರದೇಶಗಳನ್ನು ಗುರುತಿಸಲಾಯಿತು. ಮಹಾರಾಷ್ಟ್ರ ಇದಕ್ಕಿಂತ ಮೊದಲೇ, 2001ರಲ್ಲಿ, ಇಂಥದೇ ನೀತಿ ಮಾಡಿ ನಾಶಿಕ ಜಿಲ್ಲೆಯ ವಿಂಚೂರಿನಲ್ಲೂ ಸಾಂಗಲಿ ಜಿಲ್ಲೆಯ ಪಲೂಸದಲ್ಲೂ ವೈನ್ ಪಾರ್ಕುಗಳನ್ನು ಕಟ್ಟಿತ್ತು. ಪಲೂಸ ನಮಗೆ ಪರದೇಶವಲ್ಲ. ನಾವು ಮಣೂಕ ಮಾರಲು ಹೋಗುವ ಕಡೆಯ ಊರು. ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಕುಟುಂಬ 1988ರಲ್ಲೇ ಫ್ರೆಂಚ್ ತಳಿಗಳನ್ನು ಹಚ್ಚಿ ಗೆದ್ದಿತ್ತು. ಪತ್ರಿಕೆಗಳಲ್ಲಿ ಎಲ್ಲಿ ನೋಡಿದರೂ ಭಾರತದಲ್ಲಿ ವೈನ್ ಕುಡಿಯುವವರು ವರ್ಷವರ್ಷಕ್ಕೆ ಹೆಚ್ಚುತ್ತಿದ್ದಾರೆ ಎಂಬ ಸುದ್ದಿ. ಹೊರಗಿನ ಜಿಲ್ಲೆಯ ಒಂದು ವೈನರಿಯವರು ನಮ್ಮ ಕಡೆ ಬಂದು, ಕಾಬರ್ನೆ ಸಾವಿನ್ಯೋ ಮತ್ತು ಶಿರಾಜ್ ಹಚ್ಚಿರಿ, ಒಯ್ಯುತ್ತೇವೆ ಎಂದರು. ಹಸಿ ಥಾಮ್ಸನ್ನಿಗೆ ಪೇಟೆಯಲ್ಲಿ ಸಿಗುವುದಕ್ಕಿಂತ ಎರಡು-ಮೂರು ಪಟ್ಟು ದರ ಹೇಳಿದರು.

ಆ ದರವನ್ನೇ ನಾನು ಬೇಡಿಕೆ ಎಂದುಕೊಂಡೆ. ತಪ್ಪಿನ ಬೇರು ಇಲ್ಲಿದೆ. ಆ ವರ್ಷಗಳಲ್ಲಿ ವೈನರಿಗಳು ಎದ್ದದ್ದು ಬಾಟಲಿ ಖರ್ಚಾಗುತ್ತಿದೆ ಎಂದಲ್ಲ, ಖರ್ಚಾಗುತ್ತದೆ ಎಂಬ ನಂಬಿಕೆಯಿಂದ. ಹೊಸದಾಗಿ ವೈನ್ ಟಾಕಿ ಕಟ್ಟಿದವನಿಗೆ ಮೊದಲ ವರ್ಷ ಟಾಕಿ ತುಂಬಲು ಹಣ್ಣು ಬೇಕು. ಹತ್ತು ಜನ ಹೊಸ ಟಾಕಿಯವರು ಹಣ್ಣಿಗಾಗಿ ಪೈಪೋಟಿಗೆ ಬಿದ್ದಾಗ ದರ ಏರುತ್ತದೆ. ಟಾಕಿಗಳನ್ನು ತುಂಬುವ ಆ ತರಾತುರಿ ಹೊರಗಿನಿಂದ ಬೇಡಿಕೆಯಂತೆ ಕಾಣುತ್ತದೆ. ತುಂಬಿದ ಟಾಕಿ ಖಾಲಿಯಾಗುವುದು ಮಾತ್ರ ಬೆಂಗಳೂರು, ಮುಂಬೈ, ಪುಣೆ, ಗೋವಾದ ಹೋಟೆಲುಗಳ ಮೇಜಿನಲ್ಲಿ. ಅಲ್ಲಿ ಎಷ್ಟು ಬಾಟಲಿ ಏಳುತ್ತಿದೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಎಕರೆಗೆ ಎಷ್ಟು ಟನ್ ಬರುತ್ತದೆ, ಸಕ್ಕರೆ ಅಂಶ ಎಷ್ಟು ಬ್ರಿಕ್ಸ್ ಇರಬೇಕು, ಸಾಲಿನಿಂದ ಸಾಲಿಗೆ ಅಂತರವೆಷ್ಟು ಎಂದೆಲ್ಲ ಕೇಳಿದೆ. ಓದಿದವನು ಕೇಳುವ ಪ್ರಶ್ನೆಗಳು ಅವು. ಸಂತೆಗೆ ಹೋಗುವವನು ಕೇಳುವ ಪ್ರಶ್ನೆ ನನ್ನ ಬಾಯಿಂದ ಬರಲಿಲ್ಲ.

ಆ ಪ್ರಶ್ನೆ ಕೇಳಿದವರು ಮುದ್ದೇಬಿಹಾಳ ತಾಲ್ಲೂಕಿನ ಒಬ್ಬ ಹಿರಿಯರು. ಪರಿಚಯದವರ ಮದುವೆಯಲ್ಲಿ ಊಟ ಮುಗಿಸಿ ಕುಳಿತಾಗ ನಾನು ವೈನ್ ದ್ರಾಕ್ಷಿಯ ವರ್ಣನೆಗೆ ಇಳಿದಿದ್ದೆ. ಮಣಿ ಸಣ್ಣದು, ತೊಗಟೆ ದಪ್ಪ, ಒಳಗೆ ಬೀಜ ಇರುತ್ತದೆ, ಬಣ್ಣ-ರುಚಿ ಎಲ್ಲ ತೊಗಟೆಯಲ್ಲೇ ಇರುತ್ತದೆ ಎಂದು. ಅವರು ಕೊನೆಯವರೆಗೂ ಕೇಳಿ, ‘ತಮ್ಮಾ, ಅವರು ಒಯ್ಯಲಿಲ್ಲಂದ್ರ ಈ ಹಣ್ಣ ಯಾರು ತಿಂತಾರ?’ ಎಂದರು. ಕರಾರು ಇದೆ ಎಂದೆ. ‘ಕರಾರಿನ ಮಾತಲ್ಲ, ಹಣ್ಣಿನ ಮಾತ ಕೇಳೇನಿ. ತೊಗರಿ ರೇಟ ಬಿತ್ತಂದ್ರ ಚೀಲ ಹೊಲದು ಇಡ್ತೇನಿ. ಅದೂ ಆಗಲಿಲ್ಲಂದ್ರ ಬ್ಯಾಳಿ ಒಡಿಸಿ ಉಣ್ತೇವಿ. ಇದನ್ನ ಏನ್ ಮಾಡ್ಲಿ?’ ಎಂದರು. ನಾನು ಅವರಿಗೆ ಉತ್ತರ ಕೊಡಲಿಲ್ಲ. ಕಾಲ ಬದಲಾಗಿದೆ ಅಜ್ಜಾರ ಎಂದು ಮಾತು ಮುಗಿಸಿದೆ. ಅವರ ಮಗ ನನ್ನ ಜೊತೆ ಹಚ್ಚುವ ಮನಸ್ಸು ಮಾಡಿದ್ದ. ತಂದೆ ಒಪ್ಪಲಿಲ್ಲವೆಂದು ಬಿಟ್ಟ. ಆ ಮನೆ ಉಳಿಯಿತು.

ಉಳಿದವರು ನನ್ನ ಮಾತು ಕೇಳಿದರು. ಅಕ್ಕನನ್ನು ಕೊಟ್ಟದ್ದು ಸಿಂದಗಿ ತಾಲ್ಲೂಕಿಗೆ. ಅವಳ ಗಂಡ, ನಮ್ಮ ಮಾಮಾ, ಲಿಂಬೆ ಬೆಳೆಗಾರ. ಇಂಡಿ, ಸಿಂದಗಿಯ ಲಿಂಬೆ ಎಂದರೆ ಗೊತ್ತಲ್ಲ. ಬ್ಯಾಸಗಿಯಲ್ಲಿ ಬಂಗಾರ, ಮಳೆಗಾಲದಲ್ಲಿ ಗಿಡದಡಿಗೆ ಉದುರಿ ಬೀಳುವ ಹಣ್ಣು. ಹಾಗಿದ್ದೂ ಲಿಂಬೆ ಉಪ್ಪಿನಕಾಯಿಗೆ ಹೋಗುತ್ತದೆ, ಉತ್ತರದ ಪೇಟೆಗಳಿಗೆ ಹೋಗುತ್ತದೆ, ಸಂತೆಯಲ್ಲಿ ಚಿಲ್ಲರೆ ಮಾರಾಟವಾಗುತ್ತದೆ. ಅದರ ಲೆಕ್ಕ ಅವರಿಗೆ ಬೆರಳ ತುದಿಯಲ್ಲಿತ್ತು. ವೈನ್ ದ್ರಾಕ್ಷಿಯ ಲೆಕ್ಕ ಅವರಿಗೆ ಬರುತ್ತಿರಲಿಲ್ಲ. ‘ನೀ ಓದಿದಾಂವ ಅದಿ. ನೀ ಹೇಳಿದ ಮ್ಯಾಲೆ ಮುಗೀತು’ ಎಂದು ಒಂದೂವರೆ ಎಕರೆಯ ಲಿಂಬೆ ಗಿಡ ತೆಗೆಸಿ ಹಂದರ ಹಾಕಿದರು. ಆ ಗಿಡಗಳು ಫಲ ಕೊಡುವ ಪ್ರಾಯದಲ್ಲಿದ್ದವು. ಇದನ್ನು ಬರೆಯುವಾಗಲೂ ಆ ಒಂದು ಸಂಗತಿಯ ಮುಂದೆ ಕೈ ನಿಲ್ಲುತ್ತದೆ.

ಬಸವನಬಾಗೇವಾಡಿ ಕಡೆಯ ಗೆಳೆಯನದು ಬೇರೆ ಕಥೆ. ಅವನ ಮನೆಯಲ್ಲಿ ಅವ್ವ ಸುತರಾಂ ಒಪ್ಪಲಿಲ್ಲ. ಬಸವಣ್ಣ ಹುಟ್ಟಿದ ನೆಲದಲ್ಲಿ ಶೆರೆಗೆ ಹಣ್ಣು ಬೆಳೆಯುವುದೇ ಎಂದು ಅವರು ನೊಂದುಕೊಂಡರು. ಅದು ಹಣ್ಣಿನ ರಸ, ಶೆರೆಯಲ್ಲ ಎಂದು ನಾನೇ ಅವರ ಮುಂದೆ ಕುಳಿತು ವಾದಿಸಿದೆ. ಅಬಕಾರಿ ಇಲಾಖೆ ವೈನನ್ನು ಯಾವ ಕಣ್ಣಿನಿಂದ ನೋಡುತ್ತದೆ ಎಂಬುದು ಗೊತ್ತಿದ್ದೂ ಹಾಗೆ ಹೇಳಿದೆ. ಅವರ ಮಾತನ್ನು ನಂಬಿಕೆಯ ಮಾತೆಂದು ಬದಿಗಿಟ್ಟೆ. ಆದರೆ ಅದು ಪೇಟೆಯ ಮಾತೂ ಆಗಿತ್ತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬೆಳೆದವನ ಮನೆಯಲ್ಲಾಗಲಿ, ಓಣಿಯಲ್ಲಾಗಲಿ, ಬೀಗರಲ್ಲಾಗಲಿ ಈ ಸರಕಿಗೆ ಒಬ್ಬ ಗಿರಾಕಿಯೂ ಇರಲಿಲ್ಲ. ನಾವು ಹಚ್ಚಿದವರಲ್ಲಿ ಒಬ್ಬರೂ ಅದರ ರುಚಿ ನೋಡಿರಲಿಲ್ಲ. ಫ್ರಾನ್ಸಿನಲ್ಲೋ ಇಟಲಿಯಲ್ಲೋ ದ್ರಾಕ್ಷಿ ಬೆಳೆಯುವ ಹಳ್ಳಿಯೇ ಮೊದಲ ಗಿರಾಕಿ. ದೂರದ ಪೇಟೆ ಕೈಬಿಟ್ಟರೂ ಊರಿನ ಊಟದ ಜೊತೆ ಸ್ವಲ್ಪವಾದರೂ ಖರ್ಚಾಗುತ್ತದೆ. ನಮ್ಮಲ್ಲಿ ಅಂಥ ಆಸರೆ ಇರಲಿಲ್ಲ.

ಕೊನೆಗೂ ಹಚ್ಚಿದ ಆ ಗೆಳೆಯನ ಹೊಲದಲ್ಲಿ ನನ್ನ ಓದು ಕೂಡ ಸೋತಿತು. ಅದು ಡೋಣಿ ಹೊಳೆಯ ಸಾಲಿನ ಆಳವಾದ ಎರಿ ಭೂಮಿ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಹೇಳುತ್ತಿದ್ದ, ನೀರು ಹಿಡಿದಿಟ್ಟುಕೊಳ್ಳುವ ಕಪ್ಪು ಮಣ್ಣು. ನಮ್ಮಲ್ಲಿ ಉಪ್ಪು ನೀರು, ಬರಗಾಲ ತಡೆಯಲೆಂದು ಡಾಗ್ರಿಜ್ ಬೇರುಸಸಿ ಹಚ್ಚಿ ಅದರ ಮೇಲೆ ಕಸಿ ಕಟ್ಟುವುದು ರೂಢಿ. ಡಾಗ್ರಿಜ್‌ಗೆ ಬೆಳೆಯುವ ಕಸುವು ಬಹಳ. ತೆಳು ಮಣ್ಣಿನಲ್ಲಿ ಆ ಕಸುವು ಬೇಕು. ಎರಿಯಲ್ಲಿ ಅದು ಬಳ್ಳಿಯನ್ನು ಬರೀ ಎಲೆಯಾಗಿಸಿ ಹಬ್ಬಿಸಿತು. ಹಂದರದೊಳಗೆ ಬಿಸಿಲು ಇಳಿಯದೆ ಕಣ್ಣುಗಳಲ್ಲಿ ಗೊನೆ ಕಟ್ಟಲಿಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಪುಣೆ ಹತ್ತಿರದ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಲ್ಲಿ ಒಮ್ಮೆ ಕೇಳಿದ್ದರೂ ತಿಳಿಯುತ್ತಿತ್ತು. ಇಂಡಿಯ ಮಣ್ಣಿನಲ್ಲಿ ಸರಿಯಾದದ್ದು ಬಾಗೇವಾಡಿಯಲ್ಲೂ ಸರಿಯಾದೀತು ಎಂದು ಹೇಳಿಬಿಟ್ಟೆ.

ಬೆಳೆ ಹಚ್ಚುವ ವರ್ಷಕ್ಕೂ ಹಣ್ಣು ಬರುವ ವರ್ಷಕ್ಕೂ ನಡುವೆ ಇರುವ ಅಂತರ ದ್ರಾಕ್ಷಿಯಲ್ಲಿ ಎಂಥ ಅಪಾಯದ್ದು ಎಂದು ತಿಳಿದದ್ದು ಆ ಮೇಲೆ. ಬೇರುಸಸಿ ಹಚ್ಚಿ, ಕಸಿ ಕಟ್ಟಿ, ಬಳ್ಳಿ ಹಂದರಕ್ಕೇರಿ ಮಾರುವಷ್ಟು ಹಣ್ಣು ಕೊಡಲು ಎರಡು-ಮೂರು ವರ್ಷ ಬೇಕು. ಈ ವರ್ಷದ ಒಳ್ಳೆಯ ದರ ನೋಡಿ ಹಚ್ಚಿದವರೆಲ್ಲರ ಹಣ್ಣು ಒಟ್ಟಿಗೇ, ಮೂರು ವರ್ಷದ ನಂತರ, ಪೇಟೆಗೆ ಬರುತ್ತದೆ. ನಾಶಿಕದಲ್ಲೂ ಸಾಂಗಲಿಯಲ್ಲೂ ನಮ್ಮಲ್ಲೂ ಎಲ್ಲರೂ ಅದೇ ದರ ನೋಡಿ ಹಚ್ಚಿದ್ದರು. ಈ ನಡುವೆ 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ಯಾಂಕು ಮುಳುಗಿತು. ನವೆಂಬರ್ 26ರಂದು ಮುಂಬೈನ ಹೋಟೆಲುಗಳ ಮೇಲೆ ದಾಳಿಯಾಯಿತು. ವಿದೇಶಿ ಪ್ರವಾಸಿಗರು ಬರುವುದು ನಿಂತಿತು, ದೊಡ್ಡ ಹೋಟೆಲುಗಳು ಖಾಲಿ ಹೊಡೆದವು. ಟಿ.ವಿ.ಯಲ್ಲಿ ಆ ಬೆಂಕಿ ನೋಡುತ್ತ ಸತ್ತವರಿಗಾಗಿ ಮರುಗಿದೆನೇ ಹೊರತು, ನನ್ನ ಪಡದ ಗಿರಾಕಿ ಆ ಹೋಟೆಲುಗಳಲ್ಲೇ ಇದ್ದ ಎಂಬುದು ತಲೆಗೆ ಬರಲಿಲ್ಲ. ಮುಂದಿನ ಎರಡು ವರ್ಷಗಳಲ್ಲಿ ಮಹಾರಾಷ್ಟ್ರದ ಹಲವು ವೈನರಿಗಳು ಬಾಗಿಲು ಹಾಕಿದವು. ನಾಶಿಕದ ರೈತರು ವೈನ್ ತಳಿಯ ಬಳ್ಳಿಗಳನ್ನು ಕಿತ್ತು ತಿನ್ನುವ ದ್ರಾಕ್ಷಿಗೆ ಮರಳಿದರು. ನಮ್ಮ ಹಣ್ಣು ಕೈಗೆ ಬಂದದ್ದು ಅದೇ ಹೊತ್ತಿಗೆ.

ಮೊದಲ ಫಸಲಿನಲ್ಲಿ ಒಂದಿಷ್ಟನ್ನು ಒಯ್ದರು. ಹಣ ತಡವಾಗಿ, ತುಂಡುತುಂಡಾಗಿ ಬಂತು. ಮರುವರ್ಷ ಬ್ರಿಕ್ಸ್ ಇಪ್ಪತ್ತೆರಡು ದಾಟಿತು, ಬರಬಹುದು ಎಂದು ಫೋನು ಮಾಡಿದೆ. ಹಿಂದಿನ ವರ್ಷದ ವೈನೇ ಟಾಕಿಯಲ್ಲಿದೆ, ಹೊಸ ರಸ ಹಾಕಲು ಜಾಗವಿಲ್ಲ ಎಂಬ ಉತ್ತರ ಬಂತು. ಅವರು ಸುಳ್ಳು ಹೇಳಿದರು ಎಂದು ನಾನು ಈಗಲೂ ಹೇಳುವುದಿಲ್ಲ. ವೈನರಿ ಕೊಳ್ಳುವುದು ತನ್ನ ಟಾಕಿ ಎಷ್ಟು ಖಾಲಿಯಿದೆಯೋ ಅಷ್ಟನ್ನು ಮಾತ್ರ. ಹಳೆಯದು ಹೋಗದಿದ್ದರೆ ಮನಸ್ಸಿದ್ದರೂ ಕೊಳ್ಳಲಾಗದು. ಕರಾರಿನ ಕಾಗದ ತೆಗೆದು ನೋಡಿದೆ. ದರ ಬರೆದಿತ್ತು. ಎಷ್ಟು ಟನ್ ಒಯ್ಯಲೇಬೇಕು ಎಂದು ಬರೆದಿರಲಿಲ್ಲ. ಗುಣಮಟ್ಟ ಕಂಪನಿಯ ಒಪ್ಪಿಗೆಗೆ ಒಳಪಟ್ಟದ್ದು ಎಂಬ ಒಂದು ಸಾಲು ಇತ್ತು. ಆ ಕಾಗದವನ್ನು ಓದಿ ಸರಿಯಾಗಿದೆ ಎಂದು ಮಾಮಾನಿಂದ ಸಹಿ ಮಾಡಿಸಿದವನು ನಾನು.

ದ್ರಾಕ್ಷಿಯ ವ್ಯಾಪಾರವೆಲ್ಲ ಸಮಯದ ವ್ಯಾಪಾರ. ಥಾಮ್ಸನ್ ಗೊನೆಯನ್ನು ಕೊಯ್ದು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ಶೆಡ್ಡಿನ ಜಾಳಿಗೆಯ ಮೇಲೆ ಹರವಿದರೆ, ಎರಡು ವಾರದಲ್ಲಿ ನಾಲ್ಕು ಕಿಲೋ ಹಸಿ ಹಣ್ಣು ಒಂದು ಕಿಲೋ ಮಣೂಕವಾಗುತ್ತದೆ. ಅದನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟರೆ ರೈತ ಇಡೀ ವರ್ಷ ಕಾಯಬಲ್ಲ. ದೀಪಾವಳಿಗೆ ದರ ಬರಲಿಲ್ಲವೆಂದರೆ ಸಂಕ್ರಾಂತಿಗೆ ನೋಡುತ್ತಾನೆ. ಬಾಡಿಗೆ, ಬಡ್ಡಿ ಬೀಳುತ್ತದೆ, ದಲಾಲನ ಉದ್ರಿ ಇರುತ್ತದೆ, ಅಫ್ಘಾನಿಸ್ತಾನದ ಮಾಲು ಬಂದು ದರ ಮುರಿಯುತ್ತದೆ, ಎಲ್ಲ ನಿಜ. ಆದರೂ ಬೇಡ ಎನ್ನುವ ಶಕ್ತಿ ಅವನ ಕೈಯಲ್ಲಿ ಸ್ವಲ್ಪ ಉಳಿಯುತ್ತದೆ. ತಿನ್ನುವ ಹಸಿ ಹಣ್ಣಿಗೆ ಕೆಲವು ದಿನದ ಆಯುಷ್ಯ. ಆದರೆ ಸೋಲಾಪುರ ಬೇಡವೆಂದರೆ ಹುಬ್ಬಳ್ಳಿ ಇದೆ, ಹೈದರಾಬಾದ್ ಇದೆ. ವೈನ್ ಹಣ್ಣಿಗೆ ತಾಸುಗಳ ಲೆಕ್ಕ. ಬೆಳಗಿನ ತಂಪಿನಲ್ಲಿ ಕೊಯ್ದು ಅಂದೇ ಅರೆಯಬೇಕು. ಮಾರ್ಚ್ ತಿಂಗಳ ನಮ್ಮ ಬಿಸಿಲಿನಲ್ಲಿ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಲಾರಿಯಲ್ಲೇ ಹುಳಿ ಏಳುತ್ತದೆ. ಬೀಜ ಇರುವುದರಿಂದ ಮಣೂಕಕ್ಕೆ ಬರುವುದಿಲ್ಲ. ಮಣಿ ಸಣ್ಣದು, ಬೀಜದ್ದು ಎಂದು ಹಣ್ಣಿನ ಪೇಟೆಯಲ್ಲಿ ಮುಟ್ಟುವುದಿಲ್ಲ. ಈ ಬೆಳೆಗೆ ಇರುವುದು ಒಂದೇ ಬಾಗಿಲು. ಅದರ ಚಿಲಕ ಒಳಗಿನವರ ಕೈಯಲ್ಲಿ.

ಇಳುವರಿಯ ಕಟ್ಟೂ ಹಾಗೆಯೇ. ಥಾಮ್ಸನ್ ಎಕರೆಗೆ ಹತ್ತು-ಹನ್ನೆರಡು ಟನ್ ಕೊಡುತ್ತದೆ. ವೈನ್ ತಳಿಯಲ್ಲಿ ರಸ ಗಟ್ಟಿಯಾಗಲೆಂದು ಗೊನೆಗಳನ್ನು ಬೇಕೆಂದೇ ಕಡಿಮೆ ಇಡಿಸುತ್ತಾರೆ. ನಾಲ್ಕು ಟನ್ ಬಂದರೆ ಬಹಳ. ಮಣಿ ಹಿಗ್ಗಿಸುವ ಜಿ.ಎ. ದ್ರಾವಣದಲ್ಲಿ ಗೊನೆ ಅದ್ದುವ ಕೂಲಿ ಇಲ್ಲ, ಶೆಡ್ಡಿನ ಖರ್ಚಿಲ್ಲ, ಹಾಗಾಗಿ ಮೂರು ಪಟ್ಟು ದರ ಸಿಕ್ಕರೆ ಲೆಕ್ಕ ಕೂಡುತ್ತದೆ. ದರ ಅರ್ಧಕ್ಕಿಳಿದರೆ ತೂಕದಲ್ಲಿ ಸರಿದೂಗಿಸಲು ರೈತನ ಬಳಿ ಏನೂ ಇರುವುದಿಲ್ಲ. ಅವರು ಕೇಳಿದಂತೆ ಬೆಳೆದಷ್ಟೂ ಅವರಿಗೇ ಕಟ್ಟುಬೀಳುತ್ತೇವೆ.

ಆ ವರ್ಷ ನನ್ನ ಪಡದ ಹಣ್ಣಿನಲ್ಲಿ ಬಹುಪಾಲು ಬಳ್ಳಿಯಲ್ಲೇ ಬಾಡಿತು. ಕೂಲಿ ಕೊಟ್ಟು ಕೊಯ್ಯಿಸಿದರೆ ನಷ್ಟ ಇನ್ನಷ್ಟು. ಮಾಮಾ ಒಂದು ಟೆಂಪೊ ತುಂಬಿ ಸೋಲಾಪುರಕ್ಕೆ ಒಯ್ದರು. ಬಂದ ಪಟ್ಟಿಯಲ್ಲಿ ಬಾಡಿಗೆ, ಹಮಾಲಿ, ಅಡತ್ ಕಳೆದ ಮೇಲೆ ಕೈಗೆ ಬರುವುದೇನೂ ಉಳಿದಿರಲಿಲ್ಲ. ಅವರು ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಅಕ್ಕ ಆಡಿದಳು. ‘ನಿನಗ ಕೈ ತಪ್ಪಿದ್ರ ಸಂಬಳದ ಹೆಣ್ತಿ ಅದಾಳ. ನಮಗ ಲಿಂಬಿ ಗಿಡಾನ ಇತ್ತು’ ಎಂದಳು. ನನ್ನ ಹೆಂಡತಿ ಶಾಲೆಯಲ್ಲಿ ಶಿಕ್ಷಕಿ. ಅಕ್ಕ ಹೇಳಿದ್ದು ಸತ್ಯ. ಇಬ್ಬರೂ ಒಂದೇ ಬೆಳೆ ಹಚ್ಚಿದರೂ ನಮ್ಮ ಅಪಾಯ ಒಂದೇ ಆಗಿರಲಿಲ್ಲ. ಸಲಹೆ ಕೊಡುವವನ ಬೆನ್ನಿಗೆ ಬೇರೆ ಆದಾಯವಿದ್ದಾಗ ಅವನ ಧೈರ್ಯವನ್ನು ನೋಡಿ ಬೇರೆಯವರು ಹೆಜ್ಜೆ ಇಡಬಾರದು. ಇದನ್ನು ನಾನೇ ಅವರಿಗೆ ಹೇಳಬೇಕಿತ್ತು, ಹೇಳಲಿಲ್ಲ. ಸೊಸೈಟಿಯ ಸಾಲದಲ್ಲಿ ಅವರ ಪಾಲಿನ ಸ್ವಲ್ಪವನ್ನು ನಾನು ಕಟ್ಟಿದೆ. ಅದರಿಂದ ಗಿಡ ಮರಳಿ ಬರಲಿಲ್ಲ.

ನಾನು ಬಳ್ಳಿ ಕೀಳಲಿಲ್ಲ. ಕಾಬರ್ನೆ, ಶಿರಾಜ್ ಎರಡನ್ನೂ ಕಾಂಡದವರೆಗೆ ಕತ್ತರಿಸಿ ಅದೇ ಡಾಗ್ರಿಜ್ ಬೇರಿನ ಮೇಲೆ ಥಾಮ್ಸನ್ ಕಸಿ ಕಟ್ಟಿಸಿದೆ. ಬೇರು ಹಳೆಯದಾದ್ದರಿಂದ ಹೊಸ ಪಡದಷ್ಟು ಕಾಯಬೇಕಾಗಲಿಲ್ಲ. ಮಾಮಾನ ಕೈಯಲ್ಲಿ ಅಷ್ಟು ದುಡ್ಡು ಇರಲಿಲ್ಲ, ಮನಸ್ಸೂ ಇರಲಿಲ್ಲ. ಹಂದರದ ತಂತಿ, ಕಲ್ಲು ಮಾರಿ ಕಬ್ಬು ಹಚ್ಚಿದರು. ಆಗ ನಾನು ಗಮನಿಸಿದ ಒಂದು ವಿಚಾರ ಇಲ್ಲಿ ಹೇಳಲೇಬೇಕು. ಕಬ್ಬು ಕೂಡ ಒಂದೇ ಕಡೆ ಮಾರುವ ಬೆಳೆ. ಕಡಿದ ಮೇಲೆ ಕಾಯಲು ಬರುವುದಿಲ್ಲ, ಕಾರ್ಖಾನೆಗೇ ಹೋಗಬೇಕು. ಆದರೆ 1966ರ ಕಬ್ಬು ನಿಯಂತ್ರಣ ಆದೇಶವಿದೆ, ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ನಿಗದಿ ಮಾಡುತ್ತದೆ, ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಕೊಡಬೇಕೆಂಬ ನಿಯಮವಿದೆ. ಕೊಡದಿದ್ದರೆ ಸಾವಿರಾರು ಜನ ರಸ್ತೆಯಲ್ಲಿ ಕೂರುತ್ತಾರೆ. ವೈನ್ ದ್ರಾಕ್ಷಿಗೆ ಇಂಥ ಕಾನೂನಿನ ಬೆಂಬಲವೂ ಇಲ್ಲ, ಅಷ್ಟು ಜನರ ಬಲವೂ ಇಲ್ಲ. ಬೆಳೆಯುವವರು ಅಲ್ಲೊಬ್ಬ ಇಲ್ಲೊಬ್ಬ. 2007ರ ನೀತಿ ವೈನರಿ ಕಟ್ಟುವವರಿಗೆ ರಿಯಾಯಿತಿಗಳನ್ನು ಕೊಟ್ಟಿತು. ಅದು ಬೇಕಿತ್ತು, ಅದರ ಬಗ್ಗೆ ತಕರಾರಿಲ್ಲ. ಬಳ್ಳಿ ಬೆಳೆಸುವವನ ದರಕ್ಕೂ ಹಣ ಪಾವತಿಯ ದಿನಕ್ಕೂ ಒಂದು ಕಟ್ಟು ಹಾಕಬೇಕಿತ್ತು ಎಂಬುದು ನನ್ನ ವಾದ, ಇಂದಿಗೂ.

ನಮ್ಮ ಪಾಡು ನಮ್ಮದೊಂದೇ ಅಲ್ಲ ಎಂದು ತಿಳಿಯಲು ನಂತರದ ವರ್ಷಗಳ ಓದು ಬೇಕಾಯಿತು. ಆಸ್ಟ್ರೇಲಿಯಾ ತನ್ನ ವೈನಿನಲ್ಲಿ ದೊಡ್ಡ ಪಾಲನ್ನು ಚೀನಾಕ್ಕೆ ಮಾರುತ್ತಿತ್ತು. ರಾಜಕೀಯ ಮನಸ್ತಾಪ ಬೆಳೆದು 2021ರ ಮಾರ್ಚ್‌ನಲ್ಲಿ ಚೀನಾ ಶೇ. 218ರವರೆಗೆ ಸುಂಕ ಹೇರಿತು. ಆ ಪೇಟೆ ಮುಚ್ಚಿಹೋಯಿತು. ಮರ್ರೆ ನದಿಯ ನೀರಾವರಿಯ ಬೆಳೆಗಾರರು ನಾನು ಹಚ್ಚಿದ ಅದೇ ಶಿರಾಜ್ ಬಳ್ಳಿಗಳನ್ನು ಕೀಳತೊಡಗಿದರು. 2024ರಲ್ಲಿ ಸುಂಕ ತೆಗೆದರೂ ಹಳೆಯ ಗಿರಾಕಿಯೆಲ್ಲ ಮರಳಲಿಲ್ಲ. ಫ್ರಾನ್ಸ್ ಸರ್ಕಾರ 2023ರಲ್ಲಿ ಯುರೋಪಿಯನ್ ಒಕ್ಕೂಟದ ನೆರವಿನೊಂದಿಗೆ 20 ಕೋಟಿ ಯೂರೊ ಖರ್ಚು ಮಾಡಿ ಮಾರಾಟವಾಗದ ವೈನನ್ನು ಭಟ್ಟಿ ಇಳಿಸಿ ಸ್ಯಾನಿಟೈಸರ್, ಸುಗಂಧದ್ರವ್ಯಗಳಿಗೆ ಬೇಕಾದ ಆಲ್ಕೊಹಾಲ್ ಮಾಡಿಸಿತು. ಬೋರ್ಡೊ ಪ್ರದೇಶದಲ್ಲಿ ಬಳ್ಳಿ ಕಿತ್ತವರಿಗೆ ಪರಿಹಾರ ಕೊಟ್ಟಿತು. ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಜಗತ್ತು ಕುಡಿದದ್ದು ಸುಮಾರು 2,140 ಕೋಟಿ ಲೀಟರ್ ವೈನ್. 1961ರಿಂದೀಚೆಗೆ ಇಷ್ಟು ಕಡಿಮೆಯಾಗಿರಲಿಲ್ಲ. ಹವಾಮಾನದ ಹೊಡೆತದಿಂದ ಉತ್ಪಾದನೆಯೂ ಅರವತ್ತು ವರ್ಷಗಳಲ್ಲೇ ಕನಿಷ್ಠ ಮಟ್ಟಕ್ಕೆ ಇಳಿದಿತ್ತು, ಆದರೂ ಕುಡಿದದ್ದಕ್ಕಿಂತ ಅದೇ ಹೆಚ್ಚು. ಊಟದ ಜೊತೆ ವೈನ್ ಕುಡಿಯುವುದು ಶತಮಾನಗಳ ರೂಢಿಯಾಗಿರುವ ದೇಶಗಳಲ್ಲೇ ಹೊಸ ತಲೆಮಾರು ಗ್ಲಾಸು ಕೆಳಗಿಡುತ್ತಿದೆ.

ಭಾರತದಲ್ಲಿ ಹಾಗಿಲ್ಲ, ಇಲ್ಲಿ ಬೇಡಿಕೆ ಏರುತ್ತಿದೆ ಎಂದು ಫೋನು ಮಾಡುವ ಹುಡುಗರು ವಾದಿಸುತ್ತಾರೆ. ಏರುತ್ತಿರಬಹುದು. ಆದರೆ ಅದು ಬಹಳ ಸಣ್ಣ ಬುಡದಿಂದ ಏರುವುದು. ಅದರಲ್ಲೂ ಒಂದು ಪಾಲು ಅಗ್ಗದ ಸಿಹಿ ಪೋರ್ಟ್ ವೈನಿನದು. ಬೆಂಗಳೂರು ನೀಲಿಯಂಥ ದ್ರಾಕ್ಷಿ ಅಲ್ಲಿಗೆ ಸಾಕು, ಕಾಬರ್ನೆ ಬೇಕಿಲ್ಲ. ಬೆಂಗಳೂರು ನೀಲಿಗೆ ಬೀಜವಿದ್ದರೂ ಹಣ್ಣಿನ ಗಾಡಿಯಲ್ಲಿ ಜಾಗವಿದೆ, ಜ್ಯೂಸಿಗೆ ಹೋಗುತ್ತದೆ. ಇನ್ನು ಒಂದು ರಾಜ್ಯದ ವೈನು ಮತ್ತೊಂದು ರಾಜ್ಯಕ್ಕೆ ಹೋಗಬೇಕೆಂದರೆ ಬೇರೆ ತೆರಿಗೆ, ಬೇರೆ ಪರವಾನಗಿ. ಚಡಚಣ ದಾಟಿದರೆ ಮಹಾರಾಷ್ಟ್ರ, ಆದರೆ ವೈನಿಗೆ ಅದು ಇನ್ನೊಂದು ದೇಶವಿದ್ದಂತೆಯೇ. ಆ ಮಹಾರಾಷ್ಟ್ರದಲ್ಲೂ 2022ರ ಜನವರಿಯಲ್ಲಿ ಸೂಪರ್ ಮಾರ್ಕೆಟುಗಳಲ್ಲಿ ವೈನ್ ಮಾರಲು ಸಂಪುಟ ಒಪ್ಪಿದಾಗ ಎದ್ದ ವಿರೋಧಕ್ಕೆ ಅದು ಜಾರಿಗೆ ಬರಲಿಲ್ಲ. ಸರ್ಕಾರದ ಒಂದು ನಿರ್ಧಾರದ ಮೇಲೆ, ಜನರ ಒಂದು ನಂಬಿಕೆಯ ಮೇಲೆ ನಿಂತ ಬೇಡಿಕೆ ಇದು. ಆಸ್ಟ್ರೇಲಿಯಾದ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಮೇಲೆ, ಶೇ. 150 ಇದ್ದ ಸುಂಕ ಐದು ಡಾಲರ್ ಮೇಲ್ಪಟ್ಟ ಬಾಟಲಿಗೆ ನೂರಕ್ಕೂ, ಹದಿನೈದು ಡಾಲರ್ ಮೇಲ್ಪಟ್ಟದ್ದಕ್ಕೆ ಎಪ್ಪತ್ತೈದಕ್ಕೂ ಇಳಿಯಿತು. ವರ್ಷವರ್ಷಕ್ಕೆ ಇನ್ನೂ ಇಳಿಯುತ್ತದೆ. ಅಲ್ಲಿ ಮಾರಾಟವಾಗದ ಶಿರಾಜ್ ಬೆಂಗಳೂರಿನ ಅಂಗಡಿಯಲ್ಲಿ ನಮ್ಮ ಶಿರಾಜ್ ಪಕ್ಕದಲ್ಲೇ ನಿಲ್ಲುತ್ತದೆ.

ಹಾಗೆಂದು ಹಚ್ಚಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಹಂಪಿ ಕಡೆ, ನಂದಿ ಕಡೆ ತಾವೇ ಬೆಳೆದು ತಾವೇ ವೈನ್ ಮಾಡಿ ಹೆಸರು ಮಾಡಿದವರಿದ್ದಾರೆ. ಅವರ ಬಳ್ಳಿಯೂ ಟಾಕಿಯೂ ಒಂದೇ ಮನೆಯದು. ಬಳ್ಳಿ ಮಾತ್ರ ನಮ್ಮದು, ಟಾಕಿ ಬೇರೆಯವರದು ಎಂದಾಗ ಕೇಳಬೇಕಾದದ್ದು ಬೇರೆ. ಕಳೆದ ಮೂರು ವರ್ಷ ವೈನರಿ ಎಷ್ಟು ಟನ್ ಕೊಂಡಿತು, ಎಷ್ಟು ಬಾಟಲಿ ಮಾರಿತು, ಹಣ ಎಷ್ಟು ದಿನಕ್ಕೆ ಕೊಟ್ಟಿತು, ಒಯ್ಯದಿದ್ದರೆ ಎಕರೆಗೆ ಎಷ್ಟು ಪರಿಹಾರ. ಇದಿಷ್ಟು ಕಾಗದದಲ್ಲಿ ಬರಬೇಕು. ವೈನ್ ಮಂಡಳಿಯೂ ಮನಸ್ಸು ಮಾಡಿದರೆ ಒಂದು ದೊಡ್ಡ ಉಪಕಾರ ಮಾಡಬಹುದು. ಪ್ರತಿ ಏಪ್ರಿಲ್ ಚಾಟ್ನಿಗೆ ಮೊದಲು ರಾಜ್ಯದ ವೈನರಿಗಳಲ್ಲಿ ಯಾವ ತಳಿಯ ವೈನ್ ಎಷ್ಟು ದಾಸ್ತಾನಿದೆ, ಮುಂದಿನ ಹಂಗಾಮಿಗೆ ಎಷ್ಟು ಹಣ್ಣು ಬೇಕು, ಎಷ್ಟು ಎಕರೆಯಲ್ಲಿ ಬಳ್ಳಿ ಇದೆ ಎಂಬ ಪಟ್ಟಿ ಪ್ರಕಟಿಸಬೇಕು. ನನಗೆ 2008ರಲ್ಲಿ ಅಂಥದೊಂದು ಹಾಳೆ ಸಿಕ್ಕಿದ್ದರೆ ಅಕ್ಕನ ಲಿಂಬೆ ಗಿಡ ನಿಲ್ಲುತ್ತಿತ್ತು.

ಕಳೆದ ಚಳಿಗಾಲದಲ್ಲಿ ಮುದ್ದೇಬಿಹಾಳ ತಾಲ್ಲೂಕಿನ ಒಬ್ಬ ಹುಡುಗ ನಮ್ಮ ಹೊಲಕ್ಕೇ ಬಂದಿದ್ದ. ಅಂದು ನನ್ನನ್ನು ಪ್ರಶ್ನಿಸಿದ ಹಿರಿಯರ ಊರಿನವನೇ. ಅವನದು ಮಸಾರಿ ಭೂಮಿ, ದ್ರಾಕ್ಷಿಗೆ ಅಡ್ಡಿಯಿಲ್ಲ. ಕಸಿಗೆ ಮೊದಲು ಬೇರುಸಸಿ ಹಚ್ಚುವುದು ಜನವರಿ-ಫೆಬ್ರುವರಿಯಲ್ಲಿ. ಕಸಿ ಕಟ್ಟುವುದು ಸೆಪ್ಟೆಂಬರ್ ಸುಮಾರಿಗೆ. ಶಿರಾಜ್‌ಗೂ ಥಾಮ್ಸನ್‌ಗೂ ಬೇರು ಒಂದೇ ನಡೆಯುತ್ತದೆ, ಹಾಗಾಗಿ ಆ ಏಳೆಂಟು ತಿಂಗಳು ನಿನ್ನ ಕೈಯಲ್ಲಿದೆ ಎಂದೆ. ಒಂದು ಎಕರೆಗೆ ಬೇರುಸಸಿ ಹಚ್ಚಿದ್ದಾನೆ. ವೈನರಿಗೆ ಮೇಲಿನ ಪ್ರಶ್ನೆಗಳನ್ನೆಲ್ಲ ಬರೆದು ರಿಜಿಸ್ಟರ್ ಪೋಸ್ಟ್ ಮಾಡಿದ್ದಾನೆ. ಆಗಸ್ಟ್ ಕೊನೆಯೊಳಗೆ ಸಹಿ ಇರುವ ಉತ್ತರ ಬಂದರೆ ಅರ್ಧ ಎಕರೆಗೆ ಶಿರಾಜ್ ಕಡ್ಡಿ, ಬಾರದಿದ್ದರೆ ಪೂರ್ತಿ ಎಕರೆಗೆ ಥಾಮ್ಸನ್ ಕಟ್ಟಿಸುತ್ತಾನಂತೆ. ಥಾಮ್ಸನ್ ಕಡ್ಡಿ ನಮ್ಮ ಪಡದಿಂದಲೇ ಕೊಡುತ್ತೇನೆ ಎಂದಿದ್ದೇನೆ.